ಲೆಕ್ಕದ ಪುಸ್ತಕವೇ ಸಾಕ್ಷಿ: ಎಡ್ಮಂಡ್ ಮೊರೆಲನ ಜೀವನ

ವ್ಯಾಪಾರವೆಂಬುದು ಕೊಟ್ಟು ಕೊಳ್ಳುವ ವ್ಯವಹಾರ. ಕೊಂಡದ್ದಕ್ಕೆ ತಕ್ಕಷ್ಟು ಕೊಟ್ಟರೆ ಅದು ಧರ್ಮ. ಕೊಡದೆ ಕೊಂಡರೆ ಅದು ಸುಲಿಗೆ. ಊರ ಸಂತೆಯಲ್ಲಿ ಕೊಡುವವನೂ ಕೊಳ್ಳುವವನೂ ಎದುರೆದುರಾಗಿ ನಿಂತಿರುತ್ತಾರೆ. ತಕ್ಕಡಿಯ ಮುಳ್ಳು ಇಬ್ಬರ ಕಣ್ಣಿಗೂ ಬೀಳುತ್ತದೆ. ಆದರೆ ಸಾವಿರಾರು ಮೈಲಿಗಳ ಆಚೆ ಬೆಳೆದ ಸರಕು ಹಡಗನ್ನೇರಿ ಬಂದು ಪಟ್ಟಣದ ಮಳಿಗೆಯಲ್ಲಿ ಮಾರಾಟವಾಗುವಾಗ, ಅದಕ್ಕಾಗಿ ದುಡಿದವನ ಮುಖವನ್ನು ಕೊಳ್ಳುವವನು ಕಾಣನು. ಇಬ್ಬರ ನಡುವೆ ಉಳಿಯುವುದು ಲೆಕ್ಕದ ಪುಸ್ತಕವೊಂದೇ. ಹಾಗಾದರೆ ಆ ಪುಸ್ತಕವನ್ನು ಬರೆಯುವವನ ಹೊಣೆ ಎಂತಹುದು? ಅಂಕಿಗಳನ್ನು ಸರಿಯಾಗಿ ಕೂಡಿಸಿ ಸಂಬಳ ಪಡೆದು ಮನೆಗೆ ಹೋದರೆ ಅವನ ಕೆಲಸ ಮುಗಿಯಿತೇ, ಅಥವಾ ಆ ಅಂಕಿಗಳ ಹಿಂದೆ ನಿಂತಿರುವ ಮನುಷ್ಯರ ಗತಿಯನ್ನೂ ಅವನು ವಿಚಾರಿಸಬೇಕೇ? ಈ ಪ್ರಶ್ನೆಗೆ ಉಪದೇಶದಿಂದಲ್ಲದೆ ತನ್ನ ಬಾಳಿನಿಂದಲೇ ಉತ್ತರವಿತ್ತವನು ಎಡ್ಮಂಡ್ ಡೀನ್ ಮೊರೆಲ್ ಎಂಬ ಹಡಗು ಕಂಪೆನಿಯ ಗುಮಾಸ್ತ.

ಮೊರೆಲನು ೧೮೭೩ರ ಜುಲೈ ೧೦ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಫ್ರೆಂಚ್ ಸರ್ಕಾರದ ನೌಕರ, ತಾಯಿ ಇಂಗ್ಲೆಂಡಿನವಳು. ನಾಲ್ಕು ವರ್ಷದ ಬಾಲಕನಾಗಿರುವಾಗಲೇ ಅವನು ತಂದೆಯನ್ನು ಕಳೆದುಕೊಂಡನು. ತಾಯಿ ಅವನನ್ನು ಇಂಗ್ಲೆಂಡಿನ ಬೆಡ್‌ಫರ್ಡಿನಲ್ಲಿ ಓದಿಸಿದಳು. ಮನೆಯ ಸ್ಥಿತಿ ಉನ್ನತ ವ್ಯಾಸಂಗಕ್ಕೆ ಅನುಕೂಲವಾಗಿರಲಿಲ್ಲವಾದುದರಿಂದ ಬಹು ಬೇಗನೆ ಸಂಪಾದನೆಗೆ ಇಳಿಯಬೇಕಾಯಿತು. ೧೮೯೧ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಲಿವರ್‌ಪೂಲ್ ಬಂದರಿನ ಎಲ್ಡರ್ ಡೆಂಪ್‌ಸ್ಟರ್ ಎಂಬ ಹಡಗು ಕಂಪೆನಿಯಲ್ಲಿ ಗುಮಾಸ್ತನಾಗಿ ಸೇರಿದನು. ಪಶ್ಚಿಮ ಆಫ್ರಿಕದ ತೀರಕ್ಕೆ ಸರಕು ಸಾಗಿಸುವುದು ಆ ಕಂಪೆನಿಯ ಮುಖ್ಯ ಉದ್ಯಮ. ಮೊರೆಲನು ಚುರುಕು ಬುದ್ಧಿಯವನು, ಶ್ರಮಜೀವಿ. ಕಚೇರಿಯ ಕೆಲಸ ಮುಗಿದ ಮೇಲೆ ಆಫ್ರಿಕದ ವಾಣಿಜ್ಯವನ್ನು ಕುರಿತು ಪತ್ರಿಕೆಗಳಿಗೆ ಲೇಖನಗಳನ್ನು ಬರೆದು ನಾಲ್ಕು ಕಾಸು ಸಂಪಾದಿಸುತ್ತಿದ್ದನು. ಆ ಕಾಲದಲ್ಲಿ ಅವನ ಲೇಖನಗಳು ವ್ಯಾಪಾರಿಗಳ ಪಕ್ಷವನ್ನೇ ಹಿಡಿದಿದ್ದವು. ೧೮೯೬ರಲ್ಲಿ ಮೇರಿ ರಿಚರ್ಡ್‌ಸನ್ ಎಂಬಾಕೆಯನ್ನು ಮದುವೆಯಾಗಿ ಗೃಹಸ್ಥನಾದನು.

ಆಗ ಆಫ್ರಿಕದ ಮಧ್ಯಭಾಗದಲ್ಲಿ ಕಾಂಗೊ ನದಿಯ ವಿಶಾಲ ಪ್ರದೇಶವು ಬೆಲ್ಜಿಯಂ ದೇಶದ ದೊರೆಯಾದ ಎರಡನೆಯ ಲಿಯೊಪೋಲ್ಡನ ಸ್ವಂತ ಸೊತ್ತಿನಂತಿತ್ತು. ಅದು ಬೆಲ್ಜಿಯಂ ಸರ್ಕಾರದ ವಸಾಹತಲ್ಲ. ದೊರೆಯೊಬ್ಬನ ಖಾಸಗಿ ರಾಜ್ಯ. ೧೮೮೪-೮೫ರ ಬರ್ಲಿನ್ ಸಮ್ಮೇಳನದ ಕಾಲದಲ್ಲಿ ಅವನು ಯೂರೋಪಿನ ರಾಜ್ಯಗಳಿಗೆ ಎರಡು ಭರವಸೆಗಳನ್ನು ಕೊಟ್ಟಿದ್ದನು: ಅಲ್ಲಿ ಎಲ್ಲ ದೇಶಗಳ ವರ್ತಕರಿಗೂ ಮುಕ್ತ ವ್ಯಾಪಾರವಿರುವುದು, ಅಲ್ಲಿಯ ಜನರ ಕ್ಷೇಮವನ್ನು ಕಾಪಾಡಲಾಗುವುದು. ಲೋಕವು ಅವನನ್ನು ಪರೋಪಕಾರಿಯಾದ ದೊರೆಯೆಂದು ಹೊಗಳಿತು. ಕಾಂಗೊವಿಗೆ ಸರಕು ಸಾಗಿಸುವ ಗುತ್ತಿಗೆ ಎಲ್ಡರ್ ಡೆಂಪ್‌ಸ್ಟರ್ ಕಂಪೆನಿಯ ಕೈಯಲ್ಲಿತ್ತು. ಕಂಪೆನಿಯ ಯಜಮಾನನಾದ ಸರ್ ಆಲ್‌ಫ್ರೆಡ್ ಜೋನ್ಸನು ಲಿವರ್‌ಪೂಲಿನಲ್ಲಿ ಕಾಂಗೊ ರಾಜ್ಯದ ಪ್ರತಿನಿಧಿಯೂ ಆಗಿದ್ದನು. ಮೊರೆಲನಿಗೆ ಫ್ರೆಂಚ್ ಭಾಷೆ ತಾಯ್ನುಡಿಯಷ್ಟೇ ಸಲೀಸು. ಆದುದರಿಂದ ಕಂಪೆನಿಯು ಅವನನ್ನು ಆಗಾಗ್ಗೆ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಂದರಿಗೂ ಬ್ರಸೆಲ್ಸ್ ನಗರಕ್ಕೂ ಕಳುಹಿಸುತ್ತಿತ್ತು. ಹಡಗುಗಳಿಂದ ಇಳಿಯುವ ಸರಕನ್ನೂ ಹಡಗುಗಳಿಗೆ ಏರುವ ಸರಕನ್ನೂ ಪಟ್ಟಿಯೊಡನೆ ತಾಳೆ ನೋಡುವುದು ಅವನ ಕೆಲಸ.

ಆ ಕೆಲಸದಲ್ಲಿ ಮೂರು ಸಂಗತಿಗಳು ಅವನ ಕಣ್ಣಿಗೆ ಬಿದ್ದವು. ಮೊದಲನೆಯದು, ಕಾಂಗೊವಿಗೆ ಹೋಗುವ ಹಡಗುಗಳಲ್ಲಿ ಬಂದೂಕುಗಳೂ ಕಾಡತೂಸುಗಳೂ ರಾಶಿರಾಶಿಯಾಗಿ ತುಂಬಿರುತ್ತಿದ್ದವು. ಶಾಂತಿಯಿಂದ ವ್ಯಾಪಾರ ನಡೆಯುವ ನಾಡಿಗೆ ಇಷ್ಟೊಂದು ಮದ್ದುಗುಂಡು ಏತಕ್ಕೆ? ಈ ಆಯುಧಗಳ ವಿವರವು ಒಮ್ಮೆ ಪತ್ರಿಕೆಯಲ್ಲಿ ಬಂದಾಗ ಕಾಂಗೊ ರಾಜ್ಯದ ಅಧಿಕಾರಿಗಳು ಗುಟ್ಟು ಹೊರಬಿದ್ದಿತೆಂದು ಕೆಂಡಾಮಂಡಲವಾದುದನ್ನೂ ಅವನು ಕಂಡನು. ಎರಡನೆಯದು, ಕಾಂಗೊದಿಂದ ಬಂದಿಳಿದ ರಬ್ಬರು ಮತ್ತು ಆನೆಯ ದಂತದ ಮೊತ್ತವು ಆ ರಾಜ್ಯವು ಪ್ರಕಟಿಸುತ್ತಿದ್ದ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿತ್ತು. ಲೆಕ್ಕಕ್ಕೆ ಬಾರದ ಲಾಭವು ಯಾರದೋ ಬೊಕ್ಕಸಕ್ಕೆ ಹರಿಯುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಯಿತು. ಮೂರನೆಯದೇ ಮೂರರಲ್ಲಿಯೂ ಘೋರವಾದುದು. ಕಾಂಗೊದಿಂದ ಕೋಟಿಗಟ್ಟಲೆ ಬೆಲೆಯ ಸರಕು ಬರುತ್ತಿತ್ತು. ಅದಕ್ಕೆ ಪ್ರತಿಯಾಗಿ ಹೋಗುತ್ತಿದ್ದುದೇನು? ಹೊರಟ ಸರಕಿನ ಸುಮಾರು ನೂರಕ್ಕೆ ಎಂಬತ್ತರಷ್ಟು ಭಾಗಕ್ಕೆ ವ್ಯಾಪಾರದೊಡನೆ ಸಂಬಂಧವೇ ಇರಲಿಲ್ಲ. ಬಟ್ಟೆಯಿಲ್ಲ, ಪಾತ್ರೆಯಿಲ್ಲ, ಅಲ್ಲಿಯ ಜನ ಕೊಳ್ಳಬಹುದಾದ ಪದಾರ್ಥಗಳು ಬಲು ವಿರಳ. ಹಣವನ್ನಾದರೂ ಕೊಡುತ್ತಿದ್ದರೇ ಎಂದರೆ, ಅಲ್ಲಿಯ ಜನರ ಕೈಯಲ್ಲಿ ಹಣವೆಂಬುದೇ ಓಡಾಡುತ್ತಿರಲಿಲ್ಲ.

ಮೊರೆಲನು ಈ ಮೂರು ಸಂಗತಿಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದನು. ಕೊಡುವುದು ಇಲ್ಲ, ಕೊಳ್ಳುವುದು ಅಪಾರ, ನಡುವೆ ಬಂದೂಕು. ಇದರ ಅರ್ಥ ಒಂದೇ: ಆ ರಬ್ಬರು ಬೆಲೆಗೆ ಬಂದುದಲ್ಲ, ಬಲಾತ್ಕಾರದಿಂದ ಬಂದುದು. ಒಂದು ಇಡೀ ನಾಡನ್ನು ಜೀತಕ್ಕೆ ಹಚ್ಚಲಾಗಿದೆ. ಈ ನಿರ್ಣಯಕ್ಕೆ ಬಂದಾಗ ಅವನು ಕಾಂಗೊ ನೆಲವನ್ನು ಮೆಟ್ಟಿರಲಿಲ್ಲ, ಮುಂದೆಯೂ ಮೆಟ್ಟಲಿಲ್ಲ. ಅವನ ಮುಂದಿದ್ದುದು ಕಂಪೆನಿಯ ಕಡತಗಳು ಮಾತ್ರ. ಅದೇ ಕಡತಗಳು ಇತರ ಗುಮಾಸ್ತರ ಕೈಯಲ್ಲಿಯೂ ಯಜಮಾನರ ಮೇಜಿನ ಮೇಲೆಯೂ ಓಡಾಡಿದ್ದವು. ಅವರೆಲ್ಲರೂ ಮೊತ್ತವನ್ನು ನೋಡಿದರು. ಮೊರೆಲನು ಅರ್ಥವನ್ನು ನೋಡಿದನು.

ಆ ಅರ್ಥವು ನೂರಕ್ಕೆ ನೂರು ನಿಜವಾಗಿತ್ತು. ಗಾಳಿ ತುಂಬಿದ ಟೈರುಗಳು ಬಳಕೆಗೆ ಬಂದ ಮೇಲೆ ಜಗತ್ತಿನಲ್ಲಿ ರಬ್ಬರಿಗೆ ಬೇಡಿಕೆ ಏರಿತ್ತು. ಕಾಂಗೊವಿನ ರಬ್ಬರು ತೋಟದಲ್ಲಿ ಬೆಳೆದುದಲ್ಲ. ದಟ್ಟವಾದ ಕಾಡಿನಲ್ಲಿ ಮರಗಳಿಗೆ ಹಬ್ಬಿದ ಬಳ್ಳಿಯ ಹಾಲು. ಜನ ಉಳುಮೆ ಮಾಡದ ನೆಲವೆಲ್ಲ ರಾಜ್ಯದ್ದೆಂದು ದೊರೆ ಶಾಸನ ಮಾಡಿದನು. ತನ್ಮೂಲಕ ಆ ಕಾಡಿನ ಉತ್ಪನ್ನವೂ ರಾಜ್ಯದ ಮತ್ತು ಅದು ಗುತ್ತಿಗೆ ಕೊಟ್ಟ ಕಂಪೆನಿಗಳ ಪಾಲಾಯಿತು. ಹಳ್ಳಿಹಳ್ಳಿಗೂ ಇಂತಿಷ್ಟು ರಬ್ಬರು ತರಬೇಕೆಂದು ಕಟ್ಟಳೆ ವಿಧಿಸಲಾಯಿತು. ಗಂಡಸರು ಕಾಡಿಗೆ ಹೋಗಿ ರಬ್ಬರು ತರುವ ತನಕ ಹೆಂಗಸರನ್ನು ಒತ್ತೆಯಾಗಿ ಕೂಡಿಹಾಕುತ್ತಿದ್ದರು. ಕಟ್ಟಳೆ ತಪ್ಪಿದ ಊರಿನ ಮೇಲೆ ದೊರೆಯ ಸೈನ್ಯ ಬೀಳುತ್ತಿತ್ತು. ಸಿಪಾಯಿಗಳು ಕಾಡತೂಸನ್ನು ಬೇಟೆಯಲ್ಲಿ ವ್ಯರ್ಥ ಮಾಡಲಿಲ್ಲವೆಂಬುದಕ್ಕೆ ಗುರುತಾಗಿ ಕೊಂದವರ ಬಲಗೈಯನ್ನು ಕತ್ತರಿಸಿ ತಂದು ಒಪ್ಪಿಸಬೇಕಾಗಿತ್ತು. ಲೆಕ್ಕ ಸರಿಹೋಗದಿದ್ದಾಗ ಬದುಕಿದ್ದವರ ಕೈಗಳನ್ನೂ ಕತ್ತರಿಸಿದ ಉದಾಹರಣೆಗಳುಂಟು. ಹೀಗೆ ಕಾಡತೂಸಿಗೂ ಒಂದು ಲೆಕ್ಕದ ಪುಸ್ತಕವಿದ್ದಿತು.

ಮೊರೆಲನು ಮೊದಲು ತನ್ನ ಯಜಮಾನನ ಬಳಿಗೇ ಹೋದನು. ತಾನು ಕಂಡುದನ್ನು ವಿವರಿಸಿ ಹೇಳಿದನು. ದೊರೆ ಸುಧಾರಣೆಗಳ ಭರವಸೆ ಕೊಟ್ಟಿದ್ದಾನೆಂದೂ ಸ್ವಲ್ಪ ಕಾಲ ತಾಳಬೇಕೆಂದೂ ಜೋನ್ಸನು ಸಮಾಧಾನ ಹೇಳಿದನು. ಕಾಂಗೊವಿನ ಗುತ್ತಿಗೆ ಕಂಪೆನಿಗೆ ಬಹು ಲಾಭದಾಯಕವಾದುದು. ಅದನ್ನು ಕೈಬಿಡಲು ಅವನಿಗೆ ಮನಸ್ಸಿರಲಿಲ್ಲ. ಕಚೇರಿಯಲ್ಲಿ ಜೊತೆಯವರು ಮೊರೆಲನನ್ನು ಕಂಡರೂ ಕಾಣದಂತೆ ನಡೆಯತೊಡಗಿದರು. ಸಂಬಳ ಹೆಚ್ಚಿಸಿ ಹೊರದೇಶಕ್ಕೆ ಕಳುಹಿಸುವ ಮಾತು ಬಂದಿತು. ಅದಕ್ಕೆ ಅವನು ಒಪ್ಪದಿರಲು, ಅಲ್ಪ ಕೆಲಸಕ್ಕೆ ಒಳ್ಳೆಯ ಸಂಭಾವನೆಯುಳ್ಳ ಸಲಹೆಗಾರಿಕೆಯ ಆಮಿಷ ಬಂದಿತು. ಶಿಕ್ಷೆಯ ಭಯಕ್ಕಿಂತ ಬಹುಮಾನದ ಆಸೆಯೇ ಮನುಷ್ಯನನ್ನು ಹೆಚ್ಚು ಸುಲಭವಾಗಿ ಮೂಕನನ್ನಾಗಿ ಮಾಡುತ್ತದೆ. ಮೊರೆಲನು ಮೂಕನಾಗಲಿಲ್ಲ. ೧೯೦೦ರಲ್ಲಿಯೇ ಹೆಸರು ಹಾಕದೆ ಕಾಂಗೊವಿನ ಅನಾಚಾರವನ್ನು ಕುರಿತು ಲೇಖನಮಾಲೆಯೊಂದನ್ನು ಪ್ರಕಟಿಸಿದ್ದನು. ೧೯೦೧ರಲ್ಲಿ ಕೆಲಸಕ್ಕೆ ರಾಜೀನಾಮೆಯಿತ್ತು ಹೊರಬಂದನು. ಆಗ ಅವನಿಗೆ ಇಪ್ಪತ್ತೆಂಟು ವರ್ಷ, ಹೆಂಡತಿ ಮಕ್ಕಳ ಭಾರ ಹೆಗಲ ಮೇಲೆ, ಪಿತ್ರಾರ್ಜಿತವಾದ ಆಸ್ತಿಯಿಲ್ಲ.

೧೯೦೩ರಲ್ಲಿ ಅವನು ಲಿವರ್‌ಪೂಲಿನಲ್ಲಿ ಪಶ್ಚಿಮ ಆಫ್ರಿಕಕ್ಕೆ ಸಂಬಂಧಿಸಿದ ಸ್ವಂತ ವಾರಪತ್ರಿಕೆಯನ್ನು ಹೊರಡಿಸಿದನು. ಜಾನ್ ಹೋಲ್ಟ್ ಮೊದಲಾದ ವರ್ತಕರು ಅವನಿಗೆ ನೆರವಾದರು. ಮುಕ್ತ ವ್ಯಾಪಾರದ ಬಾಗಿಲನ್ನು ದೊರೆ ಮುಚ್ಚಿದುದರಿಂದ ಅವರಿಗೂ ನಷ್ಟವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಮೊರೆಲನ ವಾದವೂ ಅದೇ ನೆಲೆಯಿಂದ ಹೊರಟಿತು: ನೆಲವೂ ನೆಲದ ಫಲವೂ ಅಲ್ಲಿಯ ಜನರದು, ಅದನ್ನು ಮಾರುವ ಹಕ್ಕು ಅವರಿಗಿದ್ದರೆ ಮಾತ್ರ ವ್ಯಾಪಾರವೆಂಬುದಕ್ಕೆ ಅರ್ಥ, ಆ ಹಕ್ಕನ್ನು ಕಸಿದುಕೊಂಡ ಮೇಲೆ ಉಳಿಯುವುದು ದಾಸ್ಯವೊಂದೇ.

ಅವನ ಕಾರ್ಯವಿಧಾನವು ಮನನೀಯವಾದುದು. ಅವನು ಬೈಗುಳವನ್ನು ನಂಬದೆ ದಾಖಲೆಯನ್ನು ನಂಬಿದನು. ಕಾಂಗೊವಿನ ಒಳನಾಡಿನಲ್ಲಿದ್ದ ಕ್ರೈಸ್ತ ಪಾದ್ರಿಗಳಿಂದ ಪತ್ರಗಳನ್ನು ತರಿಸಿದನು. ದೊರೆಯ ಆಡಳಿತದಲ್ಲಿಯೇ ಇದ್ದು ಮನಸ್ಸು ನೊಂದವರು ಗುಟ್ಟಾಗಿ ಕಾಗದಪತ್ರಗಳನ್ನು ಕಳುಹಿಸಿದರು. ಒಂದೊಂದು ಆರೋಪಕ್ಕೂ ಊರು, ದಿನ, ಮೊತ್ತಗಳ ಆಧಾರವನ್ನು ಹುಡುಕಿ ಅಚ್ಚು ಹಾಕಿಸಿದನು. ಆಲಿಸ್ ಹ್ಯಾರಿಸ್ ಎಂಬ ಪಾದ್ರಿಯ ಪತ್ನಿ ತೆಗೆದ ಛಾಯಾಚಿತ್ರಗಳು ಅವನ ಕೈಸೇರಿದವು. ಅವುಗಳಲ್ಲಿ ೧೯೦೪ರಲ್ಲಿ ತೆಗೆದ ಒಂದು ಚಿತ್ರದಲ್ಲಿ ನ್ಸಾಲಾ ಎಂಬ ತಂದೆಯು, ಕೊಲೆಯಾದ ತನ್ನ ಎಳೆಯ ಮಗಳ ಕತ್ತರಿಸಿದ ಕೈಕಾಲುಗಳನ್ನು ಎದುರಿಗಿಟ್ಟುಕೊಂಡು ದಿಟ್ಟಿಸುತ್ತ ಕುಳಿತಿದ್ದಾನೆ. ಲೆಕ್ಕದ ಪುಸ್ತಕದಲ್ಲಿ ಮೊರೆಲನು ಊಹಿಸಿದ ಮುಖವು ಈ ಚಿತ್ರದಲ್ಲಿ ಲೋಕದ ಕಣ್ಣೆದುರಿಗೆ ಬಂದು ನಿಂತಿತು.

೧೯೦೩ರ ಮೇ ತಿಂಗಳಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಕಾಂಗೊವಿನ ಜನರನ್ನು ಮಾನವೀಯತೆಯಿಂದ ಆಳಬೇಕೆಂದು ನಿರ್ಣಯವನ್ನು ಅಂಗೀಕರಿಸಿತು. ಅದರ ಫಲವಾಗಿ ಅಲ್ಲಿಯ ಬ್ರಿಟಿಷ್ ಪ್ರತಿನಿಧಿಯಾದ ರೋಜರ್ ಕೇಸ್‌ಮೆಂಟನು ಒಳನಾಡಿನಲ್ಲಿ ಸಂಚರಿಸಿ, ಕಂಡುದನ್ನೂ ಕೇಳಿದುದನ್ನೂ ಬರೆದುಕೊಂಡು ಬಂದನು. ಅವನ ವರದಿ ೧೯೦೪ರಲ್ಲಿ ಪ್ರಕಟವಾಯಿತು. ಕಡತಗಳಿಂದ ಮೊರೆಲನು ಕಟ್ಟಿದ ನಿರ್ಣಯಕ್ಕೂ ಕಣ್ಣಾರೆ ಕಂಡ ಕೇಸ್‌ಮೆಂಟನ ಸಾಕ್ಷ್ಯಕ್ಕೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಇಬ್ಬರೂ ಸ್ನೇಹಿತರಾದರು. ಕೇಸ್‌ಮೆಂಟನು ಕೊಟ್ಟ ೧೦೦ ಪೌಂಡುಗಳ ನೆರವಿನಿಂದ ಅದೇ ವರ್ಷದ ಮಾರ್ಚಿಯಲ್ಲಿ ಕಾಂಗೊ ಸುಧಾರಣಾ ಸಂಘವು ಸ್ಥಾಪಿತವಾಯಿತು. ಮೊರೆಲನು ಅದರ ಕಾರ್ಯದರ್ಶಿ; ಕಾಗದ ಬರೆಯುವವನು, ಸಭೆ ಕೂಡಿಸುವವನು, ಭಾಷಣ ಮಾಡುವವನು, ಎಲ್ಲವೂ ಅವನೇ. ೧೯೦೬ರಲ್ಲಿ ಅವನ ಪ್ರಸಿದ್ಧ ಗ್ರಂಥವಾದ ರೆಡ್ ರಬ್ಬರ್ ಹೊರಬಂದಿತು. ದೊರೆಯು ಹಣ ಸುರಿದು ಪತ್ರಿಕೆಗಳನ್ನು ತನ್ನ ಕಡೆಗೆ ಒಲಿಸಿಕೊಳ್ಳಲು ಯತ್ನಿಸಿದನು. ಕೊನೆಗೆ ತಾನೇ ಒಂದು ವಿಚಾರಣಾ ಮಂಡಲಿಯನ್ನು ನೇಮಿಸಿದನು. ಆದರೆ ಆ ಮಂಡಲಿಯ ನ್ಯಾಯಾಧೀಶರು ಸಾಕ್ಷಿಗಳನ್ನು ವಿಚಾರಿಸಿ, ೧೯೦೫ರಲ್ಲಿ ಮುಖ್ಯವಾದ ಆರೋಪಗಳೆಲ್ಲ ಸತ್ಯವೆಂದೇ ವರದಿಯಿತ್ತರು. ಇಂತಿರಲು ದೊರೆಗೆ ಬೇರೆ ದಾರಿ ಉಳಿಯಲಿಲ್ಲ. ೧೯೦೮ರ ನವೆಂಬರ್ ೧೫ರಂದು ಕಾಂಗೊವು ಅವನ ಕೈತಪ್ಪಿ ಬೆಲ್ಜಿಯಂ ಸರ್ಕಾರದ ಅಧೀನವಾಯಿತು. ಹಾಗೆ ಒಪ್ಪಿಸುವ ಮುನ್ನ ಅವನು ಆಡಳಿತದ ಕಡತಗಳನ್ನು ರಾಶಿರಾಶಿಯಾಗಿ ಸುಡಿಸಿಹಾಕಿದನು. ಲೆಕ್ಕದ ಪುಸ್ತಕಕ್ಕೆ ಎಷ್ಟು ಶಕ್ತಿಯುಂಟೆಂಬುದನ್ನು ಮೊರೆಲನಂತೆಯೇ ಅವನೂ ಅರಿತಿದ್ದನು.

ಬಾವುಟ ಬದಲಾದ ಮಾತ್ರಕ್ಕೆ ದುಡಿಯುವವನ ಸ್ಥಿತಿ ಬದಲಾಗದೆಂದು ಮೊರೆಲನು ಬಲ್ಲವನಾಗಿದ್ದನು. ಜನರಿಗೆ ನೆಲದ ಹಕ್ಕು ದೊರೆತಿದೆಯೇ, ಮಾರುವ ಸ್ವಾತಂತ್ರ್ಯ ದೊರೆತಿದೆಯೇ ಎಂದು ಇನ್ನೂ ಐದು ವರ್ಷ ಕೇಳುತ್ತಲೇ ಇದ್ದನು. ೧೯೧೩ರಲ್ಲಿ ಸಂಘವನ್ನು ವಿಸರ್ಜಿಸಲಾಯಿತು. ಘೋರವಾದ ಹಿಂಸೆ ಬಹುಮಟ್ಟಿಗೆ ನಿಂತಿತ್ತು. ಆದರೂ ತಲೆಗಂದಾಯದ ರೂಪದಲ್ಲಿ ಬಲಾತ್ಕಾರದ ದುಡಿಮೆ ಬೆಲ್ಜಿಯಂ ಆಡಳಿತದಲ್ಲಿಯೂ ಮುಂದುವರಿಯಿತು. ಗೆಲವು ಸಂಪೂರ್ಣವಾಗಿರಲಿಲ್ಲ.

ಪರರ ಲೆಕ್ಕವನ್ನು ಪರಿಶೀಲಿಸುವುದಕ್ಕಿಂತ ತನ್ನ ಲೆಕ್ಕವನ್ನು ಪರಿಶೀಲಿಸುವುದು ಎಷ್ಟು ಕಠಿಣವೆಂಬುದಕ್ಕೆ ಈ ಚರಿತ್ರೆಯಲ್ಲಿಯೇ ಎರಡು ನಿದರ್ಶನಗಳಿವೆ. ಮೊರೆಲನಿಗೆ ಧನಸಹಾಯ ಮಾಡಿದವರಲ್ಲಿ ವಿಲಿಯಂ ಕ್ಯಾಡ್‌ಬರಿ ಒಬ್ಬನು. ಅವನು ಚಾಕೊಲೇಟು ತಯಾರಿಸುವ ಪ್ರಸಿದ್ಧ ಮನೆತನದವನು. ದೈವಭಕ್ತ, ಕಾರ್ಮಿಕರ ಹಿತವನ್ನು ಬಯಸಿದವನು. ಆದರೆ ಅವನ ಕಂಪೆನಿ ಕೊಳ್ಳುತ್ತಿದ್ದ ಕೋಕೋ ಕಾಳಿನ ಬಹುಭಾಗ ಪೋರ್ಚುಗೀಸರ ಸಾವೊ ತೋಮೆ ದ್ವೀಪದಿಂದ ಬರುತ್ತಿತ್ತು. ಅಲ್ಲಿಯ ತೋಟಗಳಲ್ಲಿ ದುಡಿಯುವವರು ಹೆಸರಿಗೆ ಕೂಲಿಗಳು, ವಾಸ್ತವವಾಗಿ ಗುಲಾಮರು. ೧೯೦೧ರಲ್ಲಿಯೇ ಕಂಪೆನಿಗೆ ಇದರ ಸುಳಿವು ಸಿಕ್ಕಿತು. ೧೯೦೫ರಲ್ಲಿ ವಿಚಾರಣೆಗೆಂದು ಒಬ್ಬನನ್ನು ಕಳುಹಿಸಲಾಯಿತು. ಅಲ್ಲಿಯ ಕೋಕೋ ಕೊಳ್ಳುವುದನ್ನು ನಿಲ್ಲಿಸಿದ್ದು ೧೯೦೯ರಲ್ಲಿ. ಈ ವಿಳಂಬವನ್ನು ಕಪಟವೆಂದು ಕರೆದ ಪತ್ರಿಕೆಯೊಂದರ ಮೇಲೆ ಕಂಪೆನಿಯು ಮಾನನಷ್ಟದ ದಾವೆ ಹೂಡಿ ಗೆದ್ದಿತು. ಆದರೆ ಪಂಚರು ಕೊಡಿಸಿದ ಪರಿಹಾರವು ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ ಮಾತ್ರ. ತಪ್ಪನ್ನು ಹುಡುಕಹೋದುದಕ್ಕೆ ಗೆಲವು, ಎಂಟು ವರ್ಷ ಕೊಳ್ಳುತ್ತಲೇ ಇದ್ದುದಕ್ಕೆ ಕಾಲು ಪೆನ್ನಿ!

ಎರಡನೆಯ ನಿದರ್ಶನ ಸ್ವತಃ ಮೊರೆಲನೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವನು ಗುಪ್ತ ರಾಜನೀತಿಯನ್ನೂ ಯುದ್ಧವನ್ನೂ ವಿರೋಧಿಸಿದನು. ೧೯೧೭ರಲ್ಲಿ ತನ್ನ ಬರಹಗಳನ್ನು ಹೊರದೇಶಕ್ಕೆ ಕಳುಹಿಸಿದ ನೆಪದ ಮೇಲೆ ಆರು ತಿಂಗಳ ಸೆರೆವಾಸಕ್ಕೆ ಗುರಿಯಾದನು. ಅಲ್ಲಿ ಅವನ ದೇಹ ಜರ್ಝರಿತವಾಯಿತು. ಇಲ್ಲಿಯವರೆಗೆ ಅವನ ನಡೆ ಶ್ಲಾಘ್ಯವಾದುದು. ಆದರೆ ೧೯೨೦ರಲ್ಲಿ, ಜರ್ಮನಿಯ ರೈನ್ ನದಿಯ ಪ್ರಾಂತದಲ್ಲಿ ಫ್ರಾನ್ಸು ನಿಲ್ಲಿಸಿದ್ದ ಆಫ್ರಿಕದ ಸಿಪಾಯಿಗಳನ್ನು ಕುರಿತು ಬರೆಯುವಾಗ, ಅವರ ಬಣ್ಣವನ್ನೇ ಅಪರಾಧವೆಂಬಂತೆ ಚಿತ್ರಿಸಿದನು. ಕಡತವನ್ನು ತಾಳೆ ನೋಡದೆ ಒಂದು ಅಂಕಿಯನ್ನೂ ನಂಬದಿದ್ದವನು ಇಲ್ಲಿ ಪುಕಾರುಗಳನ್ನು ನಂಬಿದನು. ಆ ಬರಹವು ಜನಾಂಗದ್ವೇಷಿಗಳ ಕೈಯಲ್ಲಿ ಆಯುಧವಾಯಿತು. ಯಾವ ಜನರ ಕೈಗಳಿಗಾಗಿ ಅವನು ತನ್ನ ಅನ್ನವನ್ನು ಬಿಟ್ಟನೋ ಅದೇ ಖಂಡದ ಜನರಿಗೆ ಅವನಿಂದಲೇ ಅನ್ಯಾಯವಾಯಿತು. ಒಮ್ಮೆ ಸತ್ಯವನ್ನು ಕಂಡೆನೆಂಬ ಹೆಮ್ಮೆಯು ಮುಂದಿನ ಪರಿಶೀಲನೆಗೆ ಪರ್ಯಾಯವಾಗಲಾರದು.

೧೯೨೨ರಲ್ಲಿ ಅವನು ಸ್ಕಾಟ್ಲೆಂಡಿನ ಡಂಡೀ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದನು. ಆ ಚುನಾವಣೆಯಲ್ಲಿ ಸೋತವರಲ್ಲಿ ವಿನ್‌ಸ್ಟನ್ ಚರ್ಚಿಲನೂ ಒಬ್ಬನು. ೧೯೨೪ರ ನವೆಂಬರ್ ೧೨ರಂದು ಡೆವನ್ ಪ್ರಾಂತದಲ್ಲಿ ನಡೆದಾಡುತ್ತಿರುವಾಗ ಮೊರೆಲನು ಕುಸಿದು ದೇಹತ್ಯಾಗ ಮಾಡಿದನು. ಅವನಿಗೆ ಆಗ ಐವತ್ತೊಂದು ವರ್ಷ.

ಮೊರೆಲನು ಏಕಾಕಿಯಾಗಿ ಆರಂಭಿಸಿದ ಪರಿಶೀಲನೆಯು ಈಗ ವ್ಯಾಪಾರ ಸಂಸ್ಥೆಗಳ ಕರ್ತವ್ಯವೆಂದು ಎಣಿಸಲ್ಪಟ್ಟಿದೆ. ತಮ್ಮ ಉದ್ಯಮದಿಂದಲೂ ತಮಗೆ ಸರಕು ಒದಗಿಸುವವರಿಂದಲೂ ಮನುಷ್ಯರ ಹಕ್ಕುಗಳಿಗೆ ಹಾನಿಯಾಗುತ್ತಿದೆಯೇ ಎಂಬುದನ್ನು ಸಂಸ್ಥೆಗಳು ಮುಂಚಿತವಾಗಿ ಹುಡುಕಿ, ತಡೆದು, ಬಹಿರಂಗವಾಗಿ ಲೆಕ್ಕ ಒಪ್ಪಿಸಬೇಕೆಂಬ ತತ್ತ್ವಗಳನ್ನು ೨೦೧೧ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿತು. ಫ್ರಾನ್ಸು ೨೦೧೭ರಲ್ಲಿ ದೊಡ್ಡ ಕಂಪೆನಿಗಳಿಗೆ ಇದನ್ನು ಕಾನೂನಿನ ಕಟ್ಟಳೆಯನ್ನಾಗಿ ಮಾಡಿತು. ಭಾರತ ಸರ್ಕಾರವು ೨೦೧೯ರಲ್ಲಿ ಹೊರಡಿಸಿದ ಹೊಣೆಯರಿತ ವ್ಯಾಪಾರ ನಡವಳಿಕೆಯ ಮಾರ್ಗಸೂಚಿಯಲ್ಲಿ ಐದನೆಯ ತತ್ತ್ವವು ಮಾನವ ಹಕ್ಕುಗಳನ್ನು ಗೌರವಿಸತಕ್ಕದ್ದೆಂದು ವಿಧಿಸುತ್ತದೆ. ಷೇರುಪೇಟೆಯ ಮೊದಲ ಸಾವಿರ ಕಂಪೆನಿಗಳು ೨೦೨೨-೨೩ರಿಂದ ಈ ತತ್ತ್ವಗಳಿಗನುಸಾರವಾಗಿ ವರದಿ ಒಪ್ಪಿಸಬೇಕೆಂದು ಸೆಬಿಯು ನಿಯಮ ಮಾಡಿದೆ. ಇಷ್ಟಾದರೂ, ಅದೇ ಕಾಂಗೊ ನಾಡಿನಿಂದ ಈಗ ರಬ್ಬರಿನ ಬದಲು ಕೋಬಾಲ್ಟ್ ಎಂಬ ಲೋಹವು ಮೊಬೈಲುಗಳ ಮತ್ತು ವಿದ್ಯುತ್ ವಾಹನಗಳ ಬ್ಯಾಟರಿಗಳಿಗಾಗಿ ಲೋಕಕ್ಕೆಲ್ಲ ಹರಿಯುತ್ತಿದೆ. ಜಗತ್ತಿನ ಕೋಬಾಲ್ಟಿನ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿಯದು. ಅದರಲ್ಲೊಂದು ಭಾಗವನ್ನು ಬಡವರು ಕೈಯಿಂದಲೇ ಅಗೆದು ತೆಗೆಯುತ್ತಾರೆ, ಅವರಲ್ಲಿ ಮಕ್ಕಳೂ ಸೇರಿದ್ದಾರೆ.

ನಿಯಮಗಳು ಎಷ್ಟಾದರೂ ಇರಲಿ, ಅವುಗಳ ನಮೂನೆಗಳನ್ನು ತುಂಬುವವನು ಕೊನೆಗೆ ಒಬ್ಬ ಗುಮಾಸ್ತನೇ. ಎಲ್ಲವೂ ಸರಿಯಾಗಿದೆಯೆಂದು ಒಂದು ಗೆರೆ ಎಳೆದು ಸಹಿ ಹಾಕುವುದು ಅವನಿಗೆ ಸುಲಭ. ಆ ಗೆರೆ ಎಳೆಯುವ ಮುನ್ನ, ಬಂದುದೆಷ್ಟು, ಅದಕ್ಕೆ ಪ್ರತಿಯಾಗಿ ಹೋದುದೇನು, ಅದು ಯಾರ ಕೈಯನ್ನು ಸೇರಿತು ಎಂದು ಒಂದು ಕ್ಷಣ ನಿಂತು ಕೇಳಿದರೆ ಅವನ ದುಡಿಮೆ ಸತ್ಯಶುದ್ಧವಾದ ಕಾಯಕವಾಗುತ್ತದೆ. ಕೇಳದಿದ್ದರೆ ಅದು ಕೇವಲ ಹೊಟ್ಟೆಪಾಡು. ಆಂಟ್‌ವರ್ಪಿನ ಬಂದರುಕಟ್ಟೆಯ ಮೇಲೆ ನಿಂತು ಹಡಗಿನ ಸರಕನ್ನು ಎಣಿಸುತ್ತಿದ್ದ ಆ ಯುವಕನು ಕೇಳಿದ್ದು ಅಷ್ಟನ್ನೇ.